ಇಂಗ್ಲಿಷಿನಲ್ಲಿ ವಯಸ್ಸನ್ನೂ ಹುಟ್ಟಿದ ದಶಕವನ್ನೂ ಹೇಳುವ ಬಗೆ: ಹುಬ್ಬಳ್ಳಿ-ಧಾರವಾಡ ಸೀಮೆಯವರಿಗೊಂದು ಸಮಗ್ರ ಮಾರ್ಗದರ್ಶಿ

ವರಕವಿ ದ.ರಾ. ಬೇಂದ್ರೆಯವರು 1896ರ ಜನವರಿ 31ರಂದು ಧಾರವಾಡದಲ್ಲಿ ಹುಟ್ಟಿದರು; 1973ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಈ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯುವವರು, ಪ್ರಶಸ್ತಿ ಬಂದದ್ದು ‘ಇನ್ ಹಿಸ್ ಲೇಟ್ ಸೆವೆಂಟೀಸ್’ ಎಂದೂ ಬರೆಯಬಹುದು, ‘ಇನ್ ದಿ ಅರ್ಲಿ ಸೆವೆಂಟೀಸ್’ ಎಂದೂ ಬರೆಯಬಹುದು. ಒಂದರಲ್ಲಿ ‘ಲೇಟ್’, ಇನ್ನೊಂದರಲ್ಲಿ ‘ಅರ್ಲಿ’ ಇದ್ದರೂ ಎರಡೂ ನಿಜವೇ, ಏಕೆಂದರೆ ಮೊದಲನೆಯದು ಕವಿಯ ಬಾಳಿನ ಎಪ್ಪತ್ತೇಳೆಂಟು ವರ್ಷಗಳ ಲೆಕ್ಕ, ಎರಡನೆಯದು 1970ರ ದಶಕದ ಆರಂಭದ ವರ್ಷಗಳ ಲೆಕ್ಕ. ಕನ್ನಡದಲ್ಲಿ ‘ಎಪ್ಪತ್ತರ’ ಎಂಬ ಒಂದೇ ರೂಪ ಎರಡಕ್ಕೂ ಸಲ್ಲುತ್ತದೆ. ಅದರ ಮುಂದೆ ಬರುವ ‘ವಯಸ್ಸು’ ಅಥವಾ ‘ದಶಕ’ ಎಂಬ ಪದ ಅರ್ಥವನ್ನು ಬೇರ್ಪಡಿಸುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಸಂಖ್ಯೆಗೆ ಮೊದಲು ಬರುವ ಪುಟ್ಟ ಪದ ಮಾಡುತ್ತದೆ. ‘ಹಿಸ್’, ‘ಹರ್’, ‘ಮೈ’, ‘ದೇರ್’ ಎಂದಿದ್ದರೆ ಅದು ವಯಸ್ಸು. ‘ದಿ’ ಎಂದಿದ್ದರೆ ಅದು ಇಸವಿ. ಸಪ್ತಾಪುರದ ಕೋಚಿಂಗ್ ತರಗತಿಗಳಲ್ಲಿ ಕುಳಿತು ಸಂದರ್ಶನಕ್ಕೆ ಸಿದ್ಧರಾಗುವ ಯುವಕ ಯುವತಿಯರೂ, ಹಿರಿಯರ ಪರಿಚಯವನ್ನು ಇಂಗ್ಲಿಷಿಗೆ ತರುವ ಪತ್ರಕರ್ತರೂ ಎಡವುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ, ಇದನ್ನು ಮೊದಲಿಗೇ ಹೇಳಿದ್ದೇನೆ.

ಹಂತ 1: ಬಾಯಿ ತೆರೆಯುವ ಮೊದಲು ವಯಸ್ಸನ್ನು ಸರಿಯಾಗಿ ಎಣಿಸಿಕೊಳ್ಳುವುದು

ಇಂಗ್ಲಿಷಿನಲ್ಲಿ ವಯಸ್ಸೆಂದರೆ ತುಂಬಿದ ವರ್ಷಗಳು ಮಾತ್ರ. ನಮ್ಮ ಸೀಮೆಯಲ್ಲಿ ಎರಡು ಲೆಕ್ಕಗಳೂ ರೂಢಿಯಲ್ಲಿವೆ. ‘ಹದಿನೆಂಟು ತುಂಬ್ಯಾವ್ರಿ’ ಎಂದು ಒಬ್ಬರು ಹೇಳಿದರೆ, ಅದೇ ವಯಸ್ಸಿನ ಇನ್ನೊಬ್ಬರು ‘ಹತ್ತೊಂಬತ್ತು ನಡದೈತ್ರಿ’ ಎನ್ನುತ್ತಾರೆ. ಎರಡನೆಯದನ್ನು ಹಾಗೆಯೇ ಇಂಗ್ಲಿಷಿಗೆ ತಂದು ‘ಐ ಆ್ಯಮ್ ನೈಂಟೀನ್’ ಎಂದರೆ ಒಂದು ವರ್ಷ ಹೆಚ್ಚು ಹೇಳಿದಂತಾಗುತ್ತದೆ. ನಡೆಯುತ್ತಿರುವ ವರ್ಷವನ್ನೇ ಹೇಳಬೇಕೆಂದಿದ್ದರೆ ‘ಎಯ್ಟೀನ್, ಗೋಯಿಂಗ್ ಆನ್ ನೈಂಟೀನ್’ ಎಂಬ ಸೊಗಸಾದ ಮಾತು ಇದೆ. ‘ಇನ್ ಮೈ ನೈಂಟೀಂತ್ ಇಯರ್’ ಎಂದರೂ ಹದಿನೆಂಟು ತುಂಬಿ ಹತ್ತೊಂಬತ್ತನೆಯದು ನಡೆಯುತ್ತಿದೆ ಎಂದೇ ಅರ್ಥ. ಆದರೆ ಕೇಳುವವರು ಅದನ್ನು ಹತ್ತೊಂಬತ್ತು ಎಂದೇ ಹಿಡಿಯುವ ಸಂಭವ ಹೆಚ್ಚಾಗಿರುವುದರಿಂದ, ಸಂದರ್ಶನಗಳಲ್ಲಿ ಈ ರೂಪವನ್ನು ಬಳಸದಿರುವುದೇ ಒಳ್ಳೆಯದು.

ಎಣಿಕೆಯ ವಿಧಾನ ಸರಳವಾಗಿದೆ. ಈಗಿನ ಇಸವಿಯಿಂದ ಹುಟ್ಟಿದ ಇಸವಿಯನ್ನು ಕಳೆಯಿರಿ. ಈ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿಲ್ಲದಿದ್ದರೆ ಇನ್ನೊಂದನ್ನು ಕಳೆಯಿರಿ. ಪಂಡಿತ ಭೀಮಸೇನ ಜೋಶಿಯವರು ಇಂದಿನ ಗದಗ ಜಿಲ್ಲೆಯಲ್ಲಿ 1922ರ ಫೆಬ್ರುವರಿ 4ರಂದು ಹುಟ್ಟಿ, 2011ರ ಜನವರಿ 24ರಂದು ತೀರಿಕೊಂಡರು. ಇಸವಿಗಳನ್ನಷ್ಟೇ ಕಳೆದರೆ 89 ಬರುತ್ತದೆ, ಆದರೆ ಹುಟ್ಟುಹಬ್ಬಕ್ಕೆ ಇನ್ನೂ ಹನ್ನೊಂದು ದಿನಗಳಿದ್ದವು. ಆದ್ದರಿಂದ ಇಂಗ್ಲಿಷಿನಲ್ಲಿ ಅವರು ‘ಏಜ್ಡ್ ಎಯ್ಟಿ-ಎಯ್ಟ್’. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು 1913ರ ಮಾರ್ಚ್ 5ರಂದು, ತೀರಿಕೊಂಡದ್ದು 2009ರ ಜುಲೈ 21ರಂದು. ಹುಟ್ಟುಹಬ್ಬ ಆಗಲೇ ಕಳೆದಿದ್ದರಿಂದ 96 ಎಂಬ ಲೆಕ್ಕ ಹಾಗೆಯೇ ನಿಲ್ಲುತ್ತದೆ. ಕವಿ ಚೆನ್ನವೀರ ಕಣವಿಯವರ 1928ರ ಜೂನ್ 28 ಮತ್ತು 2022ರ ಫೆಬ್ರುವರಿ 16 ಎಂಬ ದಿನಾಂಕಗಳನ್ನು ತೆಗೆದುಕೊಂಡು ನೀವೇ ಲೆಕ್ಕ ಹಾಕಿ ನೋಡಿ, 93 ಬರಬೇಕು.

ನೇಮಕಾತಿಯ ಅರ್ಜಿಗಳಲ್ಲಿ ‘ಏಜ್ ಆ್ಯಸ್ ಆನ್’ ಎಂದು ಬರೆದು ಒಂದು ದಿನಾಂಕ ಕೊಟ್ಟಿದ್ದರೆ, ಅರ್ಜಿ ತುಂಬುವ ದಿನದ ವಯಸ್ಸನ್ನು ಬಿಟ್ಟು ಆ ದಿನಾಂಕಕ್ಕೆ ತುಂಬಿರುವ ವರ್ಷಗಳನ್ನು ಬರೆಯಬೇಕು. ಷಷ್ಟ್ಯಬ್ದಿಯ ಆಮಂತ್ರಣವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸುವವರೂ ಇದೇ ಎಚ್ಚರವನ್ನು ವಹಿಸಬೇಕು. ‘ಅರವತ್ತೊಂದನೆಯ ವರ್ಷಕ್ಕೆ ಕಾಲಿಟ್ಟರು’ ಎಂಬ ನಮ್ಮ ಮಾತು ಇಂಗ್ಲಿಷಿನಲ್ಲಿ ‘ಹೀ ಹ್ಯಾಸ್ ಟರ್ನ್ಡ್ ಸಿಕ್ಸ್ಟಿ’ ಎಂದಾಗುತ್ತದೆ, ಆಚರಿಸುವ ದಿನ ‘ಸಿಕ್ಸ್ಟಿಯತ್ ಬರ್ತ್‌ಡೇ’ ಆಗುತ್ತದೆ.

ಹಂತ 2: ಖಚಿತ ವಯಸ್ಸನ್ನು ನೇರವಾಗಿ ಹೇಳುವುದು

ಕನ್ನಡದಲ್ಲಿ ವಯಸ್ಸು ನಮಗೆ ‘ಆಗುತ್ತದೆ’. ‘ನನಗೆ ಇಪ್ಪತ್ತೈದು ವರ್ಷ’ ಎನ್ನುವಾಗ ‘ನನಗೆ’ ಎಂಬುದು ಚತುರ್ಥಿ ವಿಭಕ್ತಿಯಲ್ಲಿದೆ. ಇಂಗ್ಲಿಷಿನಲ್ಲಿ ವ್ಯಕ್ತಿಯೇ ಕರ್ತೃ, ಸಂಖ್ಯೆ ಆ ವ್ಯಕ್ತಿಯ ವರ್ಣನೆ. ಆದ್ದರಿಂದ ‘ಐ ಆ್ಯಮ್ ಟ್ವೆಂಟಿ-ಫೈವ್’ ಎಂದರೆ ಸಾಕು, ವಾಕ್ಯ ಪೂರ್ಣವಾಯಿತು. ತುಸು ವಿಸ್ತರಿಸಬೇಕೆಂದರೆ ‘ಟ್ವೆಂಟಿ-ಫೈವ್ ಇಯರ್ಸ್ ಓಲ್ಡ್’ ಎನ್ನಬಹುದು. ‘ಇಯರ್ಸ್’ ಎಂದು ಹೇಳಿ ‘ಓಲ್ಡ್’ ಅನ್ನು ಬಿಟ್ಟುಬಿಡುವುದು ಮಾತ್ರ ಅರ್ಧಕ್ಕೆ ನಿಂತ ಮಾತಾಗುತ್ತದೆ. ಎರಡನ್ನೂ ಇಡಿ, ಇಲ್ಲವೇ ಎರಡನ್ನೂ ಬಿಡಿ. ‘ಐ ಹ್ಯಾವ್ ಟ್ವೆಂಟಿ-ಫೈವ್ ಇಯರ್ಸ್’ ಮತ್ತು ‘ಐ ಆ್ಯಮ್ ಹ್ಯಾವಿಂಗ್’ ಎಂಬ ರೂಪಗಳು ತಪ್ಪು. ‘ಮೈ ಏಜ್ ಈಸ್ ಟ್ವೆಂಟಿ-ಫೈವ್’ ಎಂಬುದು ವ್ಯಾಕರಣಕ್ಕೆ ವಿರುದ್ಧವಲ್ಲದಿದ್ದರೂ ಮಾತಿನಲ್ಲಿ ಬಿಗುವಾಗಿ, ಅರ್ಜಿಯನ್ನು ಓದಿದಂತೆ ಕೇಳಿಸುತ್ತದೆ.

ವಯಸ್ಸು ನಾಮಪದದ ಹಿಂದೆ ವಿಶೇಷಣವಾಗಿ ಬಂದಾಗ ನಿಯಮ ಬದಲಾಗುತ್ತದೆ. ‘ಹತ್ತು ವರ್ಷದ ಹುಡುಗ’ ಎನ್ನುವಾಗ ನಾವು ‘ವರ್ಷಗಳ’ ಎನ್ನುವುದಿಲ್ಲ, ಏಕವಚನದಲ್ಲಿಯೇ ಹೇಳುತ್ತೇವೆ. ಇಂಗ್ಲಿಷ್ ಕೂಡ ಇಲ್ಲಿ ಹಾಗೆಯೇ ನಡೆದುಕೊಂಡು ‘ಎ ಟೆನ್-ಇಯರ್-ಓಲ್ಡ್ ಬಾಯ್’ ಎನ್ನುತ್ತದೆ. ಹೀಗೆ ಬರೆಯುವಾಗ ಮೂರೂ ಪದಗಳ ನಡುವೆ ಅಡ್ಡಗೆರೆಗಳು ಬೇಕು. ‘ದಿ ಬಾಯ್ ಈಸ್ ಟೆನ್ ಇಯರ್ಸ್ ಓಲ್ಡ್’ ಎಂದು ಬರೆಯುವಾಗ ಬೇಡ. ‘ಬಾಯ್’ ಎಂಬ ಪದವನ್ನು ಬಿಟ್ಟು ‘ಎ ಟೆನ್-ಇಯರ್-ಓಲ್ಡ್’ ಎಂದಷ್ಟೇ ಹೇಳಬಹುದು, ಹಲವು ಮಕ್ಕಳಿದ್ದರೆ ‘ಟೆನ್-ಇಯರ್-ಓಲ್ಡ್ಸ್’ ಎಂದು ಕೊನೆಯ ಪದಕ್ಕೆ ಬಹುವಚನವನ್ನು ಸೇರಿಸಬಹುದು. 8, 11, 18 ಮತ್ತು ಎಂಬತ್ತರಿಂದ ಎಂಬತ್ತೊಂಬತ್ತರವರೆಗಿನ ಸಂಖ್ಯೆಗಳು ಸ್ವರದಿಂದ ಆರಂಭವಾಗುವುದರಿಂದ ಅವುಗಳ ಹಿಂದೆ ‘ಎ’ ಬಾರದೆ ‘ಆ್ಯನ್’ ಬರುತ್ತದೆ: ‘ಆ್ಯನ್ ಎಯ್ಟೀನ್-ಇಯರ್-ಓಲ್ಡ್ ಸ್ಟೂಡೆಂಟ್’. ಅಂಕಿಯಲ್ಲಿ ಬರೆದಾಗಲೂ ಇದು ತಪ್ಪುವುದಿಲ್ಲ, ಏಕೆಂದರೆ ಓದುವುದು ಅಂಕಿಯ ಆಕಾರವನ್ನಲ್ಲ, ಅದರ ಉಚ್ಚಾರವನ್ನು.

ಒಂದು ಘಟನೆ ಯಾವ ವಯಸ್ಸಿನಲ್ಲಿ ನಡೆಯಿತೆಂದು ಹೇಳಲು ‘ಅಟ್’ ಬೇಕು. ಭೀಮಸೇನ ಜೋಶಿಯವರು 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು ಹೊರಟದ್ದು ‘ಅಟ್ ದಿ ಏಜ್ ಆಫ್ ಇಲೆವೆನ್’, ಚಿಕ್ಕದಾಗಿ ಹೇಳಿದರೆ ‘ಅಟ್ ಇಲೆವೆನ್’. ‘ವಯಸ್ಸಿನಲ್ಲಿ’ ಎಂಬುದರ ‘-ಅಲ್ಲಿ’ ನಮ್ಮನ್ನು ‘ಇನ್’ ಕಡೆಗೆ ಎಳೆಯುತ್ತದೆ. ಆದರೆ ‘ಇನ್ ದಿ ಏಜ್ ಆಫ್’ ಎಂದರೆ ಒಂದು ಯುಗದಲ್ಲಿ, ಒಂದು ಕಾಲಮಾನದಲ್ಲಿ ಎಂಬ ಬೇರೆಯೇ ಅರ್ಥ ಬರುತ್ತದೆ. ಎರಡು ವರ್ಷದೊಳಗಿನ ಮಕ್ಕಳ ವಯಸ್ಸನ್ನು ತಿಂಗಳುಗಳಲ್ಲಿ ಹೇಳುವುದು ಸಾಮಾನ್ಯ. ‘ಆ್ಯನ್ ಎಯ್ಟೀನ್-ಮಂತ್-ಓಲ್ಡ್ ಬೇಬಿ’ ಎಂದರೆ ಒಂದೂವರೆ ವರ್ಷದ ಕೂಸು.

ಹಂತ 3: ಅಂದಾಜಿನ ವಯಸ್ಸು

‘ನಲವತ್ತರ ಆಜೂಬಾಜೂ ಇರಬೇಕ್ರಿ’ ಎನ್ನುವ ಸಂದರ್ಭ ದಿನವೂ ಬರುತ್ತದೆ, ಮತ್ತು ಇಂಗ್ಲಿಷ್ ಅತ್ಯಂತ ಶ್ರೀಮಂತವಾಗಿರುವುದೂ ಇಲ್ಲಿಯೇ. ‘ಇನ್ ಹಿಸ್ ಫಾರ್ಟೀಸ್’ ಎಂದರೆ ನಲವತ್ತರಿಂದ ನಲವತ್ತೊಂಬತ್ತರವರೆಗೆ ಎಷ್ಟಾದರೂ ಇರಬಹುದು. ಇದನ್ನು ಮೂರು ಪಾಲು ಮಾಡಿ, ನಲವತ್ತರಿಂದ ನಲವತ್ತಮೂರರವರೆಗೆ ‘ಅರ್ಲಿ ಫಾರ್ಟೀಸ್’, ನಲವತ್ತನಾಲ್ಕರಿಂದ ನಲವತ್ತಾರರವರೆಗೆ ‘ಮಿಡ್-ಫಾರ್ಟೀಸ್’, ಅದರಾಚೆ ‘ಲೇಟ್ ಫಾರ್ಟೀಸ್’ ಎಂದು ಹೇಳುತ್ತಾರೆ. ಈ ಗಡಿಗಳು ಯಾವ ಕಾನೂನಿನಲ್ಲಿಯೂ ಬರೆದಿಟ್ಟವಲ್ಲ, ಒಂದು ವರ್ಷ ಆಚೀಚೆ ಆದರೆ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ‘ಇನ್ ಫಾರ್ಟೀಸ್’ ಎಂದು ‘ಹಿಸ್’ ಅಥವಾ ‘ಹರ್’ ಅನ್ನು ನುಂಗಿಬಿಡುವುದು ತಪ್ಪು. ನಮ್ಮವರ ಬರಹದಲ್ಲಿ ಅತಿ ಹೆಚ್ಚಾಗಿ ಕಾಣಿಸುವ ದೋಷವೂ ಇದೇ ಎಂದು ನನ್ನ ಎಣಿಕೆ.

ಇಪ್ಪತ್ತಕ್ಕಿಂತ ಕೆಳಗಿನದು ‘ಟೀನ್ಸ್’. ‘ಟೀನ್’ ಎಂದು ಕೊನೆಗೊಳ್ಳುವ ಸಂಖ್ಯೆಗಳು ಹದಿಮೂರರಿಂದ ಹತ್ತೊಂಬತ್ತರವರೆಗೆ ಮಾತ್ರ ಇರುವುದರಿಂದ, ಹನ್ನೆರಡು ವರ್ಷದವರು ಈ ಗುಂಪಿಗೆ ಸೇರುವುದಿಲ್ಲ. ಕನ್ನಡದ ‘ಹದಿ’ ಕೂಡ ಹದಿಮೂರರಿಂದಲೇ ಶುರುವಾಗುತ್ತದೆಂಬುದನ್ನು ನೆನಪಿಟ್ಟುಕೊಂಡರೆ ಇದು ಮರೆಯುವುದಿಲ್ಲ. ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವರು 1911ರ ಜೂನ್ 8ರಂದು ಹುಟ್ಟಿದವರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದಾಗ ಅವರಿಗೆ ಹದಿನೆಂಟು, ಅಂದರೆ ‘ಇನ್ ಹಿಸ್ ಲೇಟ್ ಟೀನ್ಸ್’. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಹುತಾತ್ಮರಾದಾಗ ಮೂವತ್ತೊಂದು, ಅಂದರೆ ‘ಇನ್ ಹಿಸ್ ಅರ್ಲಿ ಥರ್ಟೀಸ್’. ಅಷ್ಟು ಎಳೆಯ ವಯಸ್ಸಿನ ಅಂಥ ಬಾಳನ್ನು ಇಂಗ್ಲಿಷಿನಲ್ಲಿ ಪರಿಚಯಿಸುವಾಗ ‘ಯಂಗ್ ಮ್ಯಾನ್’ ಎಂಬ ಸವಕಲು ಮಾತಿಗಿಂತ ಈ ರೂಪಗಳು ಹೆಚ್ಚು ಹೇಳುತ್ತವೆ.

ಇನ್ನು ಹತ್ತಿರದ ಸಂಖ್ಯೆಯನ್ನು ಸೂಚಿಸುವ ಮಾತುಗಳು. ‘ಅರೌಂಡ್ ಫಾರ್ಟಿ’ ಮತ್ತು ‘ಅಬೌಟ್ ಫಾರ್ಟಿ’ ಎಲ್ಲಿಯೂ ಸಲ್ಲುತ್ತವೆ. ‘ಫಾರ್ಟಿಯಿಶ್’ ಎಂಬುದು ಆತ್ಮೀಯರ ನಡುವಿನ ಮಾತು. ‘ಥರ್ಟಿ-ಸಮ್‌ಥಿಂಗ್’ ಎಂದರೆ ಮೂವತ್ತರ ಮೇಲೆ, ನಲವತ್ತರ ಕೆಳಗೆ. ‘ನಿಯರಿಂಗ್ ಫಿಫ್ಟಿ’, ‘ಅಪ್ರೋಚಿಂಗ್ ಫಿಫ್ಟಿ’ ಎಂಬವು ಗೌರವದ ಮಾತುಗಳು; ‘ಪುಶಿಂಗ್ ಫಿಫ್ಟಿ’ ಎಂಬುದು ಅದೇ ಅರ್ಥದ್ದಾದರೂ ಸಲಿಗೆಯದು, ಮೇಲಧಿಕಾರಿಯ ಬಗ್ಗೆ ಬಳಸತಕ್ಕದ್ದಲ್ಲ. ‘ಎಂಬತ್ತು ದಾಟಿ ಬಹಳ ದಿನ ಆತು’ ಎಂಬುದಕ್ಕೆ ‘ವೆಲ್ ಇಂಟು ಹರ್ ಎಯ್ಟೀಸ್’ ಸರಿಯಾಗಿ ಹೊಂದುತ್ತದೆ. ‘ಆನ್ ದಿ ರಾಂಗ್ ಸೈಡ್ ಆಫ್ ಫಾರ್ಟಿ’, ‘ಓವರ್ ದಿ ಹಿಲ್’ ಎಂಬ ಮಾತುಗಳು ಓದಿದಾಗ ಅರ್ಥವಾದರೆ ಸಾಕು, ಇನ್ನೊಬ್ಬರ ಬಗ್ಗೆ ಆಡಬಾರದು. ಅವುಗಳಲ್ಲಿ ಚುಚ್ಚು ಇದೆ. ‘ಓವರ್ ಸಿಕ್ಸ್ಟಿ’ ಎಂದರೆ ಅರವತ್ತನ್ನು ಮೀರಿದವರು. ಅರವತ್ತು ತುಂಬಿದವರನ್ನೂ ಸೇರಿಸಬೇಕಾದ ಸೂಚನೆಗಳಲ್ಲಿ ‘ಸಿಕ್ಸ್ಟಿ ಆ್ಯಂಡ್ ಅಬವ್’ ಎಂದು ಬರೆಯುವುದು ಕ್ಷೇಮ. ಭಾರತದ 2007ರ ಕಾಯ್ದೆಯೊಂದು ಅರವತ್ತು ಅಥವಾ ಅದಕ್ಕಿಂತ ಹೆಚ್ಚು ವಯಸ್ಸಾದವರನ್ನು ಹಿರಿಯ ನಾಗರಿಕರೆಂದು ಗುರುತಿಸಿರುವುದರಿಂದ ಈ ಒಂದು ವರ್ಷದ ವ್ಯತ್ಯಾಸಕ್ಕೆ ಬೆಲೆಯಿದೆ.

ವೈದ್ಯಕೀಯ ಬರಹಗಳಲ್ಲಿ ಕಾಣುವ ‘ಇನ್ ದಿ ಥರ್ಡ್ ಡೆಕೇಡ್ ಆಫ್ ಲೈಫ್’ ಎಂಬುದನ್ನು ಮೂವತ್ತರ ಹರೆಯವೆಂದು ತಿಳಿಯಬಾರದು. ಮೊದಲ ಹತ್ತು ವರ್ಷ ಒಂದನೆಯ ದಶಕವಾದ್ದರಿಂದ ಮೂರನೆಯದು ಇಪ್ಪತ್ತರಿಂದ ಇಪ್ಪತ್ತೊಂಬತ್ತರವರೆಗಿನ ಕಾಲ.

ಹಂತ 4: ಹುಟ್ಟಿದ ದಶಕ

‘ಶಿ ವಾಸ್ ಬಾರ್ನ್ ಇನ್ ದಿ ನೈಂಟೀನ್ ಎಯ್ಟೀಸ್’ ಎಂಬುದು ಮೂಲ ರೂಪ. ‘ಅರ್ಲಿ’, ‘ಮಿಡ್’, ‘ಲೇಟ್’ ಇಲ್ಲಿಯೂ ಬರುತ್ತವೆ, ಅವುಗಳ ಹಿಂದೆ ‘ದಿ’ ಬಿಡದೆ ಬರುತ್ತದೆ. ಬರೆಯುವಾಗ 1980ರ ಪಕ್ಕದಲ್ಲಿ ನೇರವಾಗಿ ‘ಎಸ್’ ಅಕ್ಷರವನ್ನು ಸೇರಿಸಬೇಕು, ನಡುವೆ ಅಪಾಸ್ಟ್ರಫಿ ಬೇಡ. ಶತಮಾನವನ್ನು ಬಿಟ್ಟು 80 ಎಂದಷ್ಟೇ ಬರೆಯುವಾಗ, ಬಿಟ್ಟ ಅಂಕಿಗಳ ಗುರುತಾಗಿ ಅಪಾಸ್ಟ್ರಫಿ ಸಂಖ್ಯೆಯ ಮುಂಚೆ ಬರುತ್ತದೆ, ಕೊನೆಗಲ್ಲ.

ಶತಮಾನವನ್ನು ಯಾವಾಗ ಬಿಡಬಹುದು? ಕೇಳುವವರಿಗೆ ಗೊಂದಲವಾಗದಿದ್ದಾಗ ಮಾತ್ರ. ‘ಇನ್ ದಿ ನೈಂಟೀಸ್’ ಎಂದರೆ ಇಂದಿನವರು 1990ರ ದಶಕವೆಂದೇ ತಿಳಿಯುತ್ತಾರೆ. ಬೇಂದ್ರೆಯವರು ಹುಟ್ಟಿದ್ದು ‘ಇನ್ ದಿ ಎಯ್ಟೀನ್ ನೈಂಟೀಸ್’, ಅಲ್ಲಿ ಶತಮಾನ ಬೇಕೇ ಬೇಕು. ಮೈಲಾರ ಮಹಾದೇವರ ದಶಕ ‘ದಿ ನೈಂಟೀನ್ ಟೆನ್ಸ್’. 2000ದ ನಂತರ ಹುಟ್ಟಿದವರ ವಿಷಯದಲ್ಲಿ ‘ದಿ ಟೂ ಥೌಸಂಡ್ಸ್’ ಎನ್ನುವುದು ವಾಡಿಕೆ, ಬ್ರಿಟಿಷರು ‘ದಿ ನಾಟೀಸ್’ ಎಂದೂ ಹೇಳುತ್ತಾರೆ. ಅದರ ಮುಂದಿನದು ‘ದಿ ಟ್ವೆಂಟಿ-ಟೆನ್ಸ್’. ಮೂರೂ ರೂಪಗಳು ನಮ್ಮ ಕಿವಿಗೆ ಒಗ್ಗದಿದ್ದರೆ ಸಂಕೋಚವಿಲ್ಲದೆ ಇಸವಿಯನ್ನೇ ಹೇಳಿಬಿಡುವುದು ಉತ್ತಮ.

ಹುಟ್ಟಿದ ದಶಕಕ್ಕೂ ಬೆಳೆದ ದಶಕಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಮಾತುಗಳಿವೆ. ‘ಎ ಚೈಲ್ಡ್ ಆಫ್ ದಿ ಎಯ್ಟೀಸ್’, ‘ಆ್ಯನ್ ಎಯ್ಟೀಸ್ ಕಿಡ್’ ಎಂದರೆ ಆ ದಶಕದಲ್ಲಿ ಬಾಲ್ಯವನ್ನು ಕಳೆದವರು. ಅವರು ಹುಟ್ಟಿದ್ದು 1970ರ ದಶಕದ ಕೊನೆಗೂ ಇರಬಹುದು. ಹುಟ್ಟನ್ನೇ ಹೇಳುವುದಾದರೆ ‘ಬಾರ್ನ್’ ಎಂಬ ಪದವನ್ನು ಬಿಡಬಾರದು.

ನಮ್ಮ ಹಿರಿಯರು ಇಸವಿಯಿಂದ ಹೇಳುವುದು ಕಡಿಮೆ. ‘ನರಗುಂದ ಬಂಡಾಯ ಆದಾಗ ಇಂವಾ ತೊಟ್ಟಿಲದಾಗ ಇದ್ದ’ ಎನ್ನುತ್ತಾರೆ ಅವರು. ನರಗುಂದ ಮತ್ತು ನವಲಗುಂದದ ರೈತರ ಬಂಡಾಯ ನಡೆದದ್ದು 1980ರ ಜುಲೈಯಲ್ಲಿ. ತೊಟ್ಟಿಲ ಕೂಸೆಂದರೆ 1979 ಅಥವಾ 1980ರಲ್ಲಿ ಹುಟ್ಟಿದ್ದು. ಇದನ್ನು ಇಂಗ್ಲಿಷಿನಲ್ಲಿ ‘ಬಾರ್ನ್ ಅರೌಂಡ್ ನೈಂಟೀನ್ ಎಯ್ಟಿ’ ಎನ್ನುವುದು ಪ್ರಾಮಾಣಿಕವಾದ ಮಾತು. ‘ಗೋಕಾಕ ಚಳವಳಿ ಹೊತ್ತಿಗೆ ಸಾಲಿಗೆ ಹಚ್ಚಿದ್ವಿ’ ಎಂದರೆ 1982ರ ಸುಮಾರಿಗೆ ಐದಾರು ವರ್ಷ, ಅಂದರೆ ‘ಬಾರ್ನ್ ಇನ್ ದಿ ಮಿಡ್-ಸೆವೆಂಟೀಸ್’. ಹೀಗೆ ಘಟನೆಯಿಂದ ಇಸವಿಗೆ, ಇಸವಿಯಿಂದ ದಶಕಕ್ಕೆ ಎರಡು ಮೆಟ್ಟಿಲಲ್ಲಿ ಹೋಗಬೇಕು. ಹಿರಿಯರ ಮಾತನ್ನು ಇಂಗ್ಲಿಷಿಗೆ ತರುವವರು ಆ ಘಟನೆಯನ್ನೂ ವಾಕ್ಯದಲ್ಲಿ ಉಳಿಸಿಕೊಂಡರೆ ಓದುವವರಿಗೆ ಕಾಲವೂ ಊರೂ ಒಟ್ಟಿಗೇ ಸಿಗುತ್ತವೆ. ಗದಗ ಮತ್ತು ಹಾವೇರಿ ಜಿಲ್ಲೆಗಳು ರಚನೆಯಾದದ್ದು 1997ರಲ್ಲಿ ಎಂಬುದೂ ನೆನಪಿರಲಿ. 1980ರ ದಶಕದಲ್ಲಿ ರಾಣೆಬೆನ್ನೂರಿನಲ್ಲಿ ಹುಟ್ಟಿದವರ ಹಳೆಯ ದಾಖಲೆಯಲ್ಲಿ ಧಾರವಾಡ ಜಿಲ್ಲೆ ಎಂದಿದ್ದರೆ, ಪರಿಚಯ ಪತ್ರದಲ್ಲಿ ‘ದೆನ್ ಇನ್ ಧಾರವಾಡ್ ಡಿಸ್ಟ್ರಿಕ್ಟ್’ ಎಂದು ಸೇರಿಸಿದರೆ ಯಾರಿಗೂ ಸಂಶಯ ಬರುವುದಿಲ್ಲ.

‘ಬೂಮರ್’, ‘ಮಿಲೇನಿಯಲ್’, ‘ಜೆನ್ ಝೀ’ ಎಂಬ ತಲೆಮಾರಿನ ಹೆಸರುಗಳೂ ಈಗ ಎಲ್ಲರ ಬಾಯಲ್ಲಿವೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ 1946ರಿಂದ 1964ರವರೆಗೆ ಹುಟ್ಟಿದವರು ಬೂಮರ್‌ಗಳು, 1981ರಿಂದ 1996ರವರೆಗಿನವರು ಮಿಲೇನಿಯಲ್‌ಗಳು, 1997ರಿಂದ ಈಚಿನವರು ಜೆನ್ ಝೀ. ಬೂಮರ್ ಎಂಬ ಹೆಸರು ಹುಟ್ಟಿದ್ದು ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಜನನಗಳು ಒಮ್ಮೆಲೇ ಹೆಚ್ಚಿದ್ದರಿಂದ; ಸವಣೂರಿನ ರೈತರೊಬ್ಬರನ್ನು ಆ ಹೆಸರಿನಿಂದ ಕರೆಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ದಶಕವನ್ನು ಹೇಳಿದರೆ ಸಾಕು.

ಹಂತ 5: ಇಳಿವಯಸ್ಸಿನ ಗೌರವದ ಪದಗಳು

ಅರವತ್ತರಿಂದ ಮೇಲೆ ಒಂದೊಂದು ದಶಕಕ್ಕೂ ಲ್ಯಾಟಿನ್ ಮೂಲದ ಒಂದೊಂದು ಪದವಿದೆ: ಅರವತ್ತರವರು ‘ಸೆಕ್ಸಜೆನೇರಿಯನ್’, ಎಪ್ಪತ್ತರವರು ‘ಸೆಪ್ಚುವಜೆನೇರಿಯನ್’, ಎಂಬತ್ತರವರು ‘ಆಕ್ಟಜೆನೇರಿಯನ್’, ತೊಂಬತ್ತರವರು ‘ನಾನಜೆನೇರಿಯನ್’, ನೂರು ತುಂಬಿದವರು ‘ಸೆಂಟಿನೇರಿಯನ್’. ಮಾತಿನಲ್ಲಿ ಇವು ಭಾರವಾಗುತ್ತವೆ, ಪತ್ರಿಕಾ ಬರಹದಲ್ಲಿ ಒಪ್ಪುತ್ತವೆ. ಗದುಗಿನ ಪುಟ್ಟರಾಜ ಗವಾಯಿಗಳು ತೊಂಬತ್ತಾರರವರೆಗೆ ಬಾಳಿದವರಾದ್ದರಿಂದ ಅವರ ಕೊನೆಯ ವರ್ಷಗಳ ಬಗ್ಗೆ ‘ನಾನಜೆನೇರಿಯನ್’ ಎಂದು ಬರೆಯಬಹುದು. ‘ಓಲ್ಡ್ ಮ್ಯಾನ್’ ಎಂಬುದು ಒರಟಾಗಿ ಕೇಳಿಸುವ ಕಡೆ ‘ಆ್ಯನ್ ಎಲ್ಡರ್ಲಿ ಮ್ಯಾನ್’ ಎಂಬುದು ‘ಅಜ್ಜಾರು’ ಎಂಬ ನಮ್ಮ ಮರ್ಯಾದೆಗೆ ಹತ್ತಿರವಾಗುತ್ತದೆ.

ಹಂತ 6: ಹೋಲಿಸುವುದು, ಕೇಳುವುದು

‘ಎಲ್ಡರ್’ ಎಂಬುದು ಹೆಚ್ಚಾಗಿ ಒಡಹುಟ್ಟಿದವರು, ಮಕ್ಕಳು ಮೊದಲಾದ ಮನೆಯವರನ್ನು ಹೇಳುವ ಪದದ ಹಿಂದೆ ಬರುತ್ತದೆ: ‘ಮೈ ಎಲ್ಡರ್ ಬ್ರದರ್’. ಹೋಲಿಕೆಗೆ ‘ಓಲ್ಡರ್ ದ್ಯಾನ್’ ಬೇಕು. ‘ಎಲ್ಡರ್ ದ್ಯಾನ್’ ಎಂಬುದೂ ‘ಓಲ್ಡರ್ ಟು’ ಎಂಬುದೂ ತಪ್ಪು. ‘ನಾವಿಬ್ಬರೂ ಒಂದೇ ವಾರಿಗೆಯವರು’ ಎಂಬುದಕ್ಕೆ ‘ವಿ ಆರ್ ದಿ ಸೇಮ್ ಏಜ್’ ಎನ್ನಬೇಕು.

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರನ್ನೂ ‘ಎಷ್ಟ್ರೀ ವಯಸ್ಸು ನಿಮ್ಮದು?’ ಎಂದು ಅಕ್ಕರೆಯಿಂದಲೇ ಕೇಳುತ್ತೇವೆ. ಇಂಗ್ಲಿಷಿನಲ್ಲಿ ದೊಡ್ಡವರನ್ನು ‘ಹೌ ಓಲ್ಡ್ ಆರ್ ಯೂ?’ ಎಂದು ನೇರವಾಗಿ ಕೇಳುವುದು ಸಲಿಗೆ ಮೀರಿದಂತೆ ತೋರುತ್ತದೆ. ಕಚೇರಿಯ ಅಗತ್ಯಕ್ಕಾದರೆ ‘ಮೇ ಐ ಹ್ಯಾವ್ ಯುವರ್ ಡೇಟ್ ಆಫ್ ಬರ್ತ್, ಪ್ಲೀಸ್?’ ಎಂದು ಕೇಳುವುದು ಸೂಕ್ತ.

ಹಂತ 7: ದಾಖಲೆಯ ವಯಸ್ಸು, ನಿಜವಾದ ವಯಸ್ಸು

ಉತ್ತರ ಕರ್ನಾಟಕದ ಹಿರಿಯರಲ್ಲಿ ಬಹಳ ಜನರ ಜನ್ಮದಿನ ಜೂನ್ 1. ಹುಟ್ಟಿದ ದಿನದ ದಾಖಲೆಯಿಲ್ಲದ ಮಕ್ಕಳನ್ನು ಸಾಲಿಗೆ ಸೇರಿಸುವಾಗ, ಶಾಲಾ ವರ್ಷ ಆರಂಭವಾಗುವ ಜೂನ್ ತಿಂಗಳ ಮೊದಲ ದಿನವನ್ನೇ ಬರೆದುಕೊಳ್ಳುವುದು ರೂಢಿಯಲ್ಲಿತ್ತು. ಇಂಥವರು ಇಂಗ್ಲಿಷಿನಲ್ಲಿ ತಮ್ಮ ವಯಸ್ಸನ್ನು ಹೇಳುವಾಗ ‘ಆನ್ ಪೇಪರ್, ಐ ಆ್ಯಮ್ ಸಿಕ್ಸ್ಟಿ-ಟೂ’ ಎಂದೋ, ‘ಅಕಾರ್ಡಿಂಗ್ ಟು ಮೈ ಸ್ಕೂಲ್ ರೆಕಾರ್ಡ್ಸ್’ ಎಂದೋ ಆರಂಭಿಸಿ, ಬೇಕಿದ್ದರೆ ‘ಪ್ರಾಬಬ್ಲಿ ಅ ಇಯರ್ ಆರ್ ಟೂ ಓಲ್ಡರ್’ ಎಂದು ಸೇರಿಸಬಹುದು. ಅರ್ಜಿ, ಪಾಸ್‌ಪೋರ್ಟ್, ಬ್ಯಾಂಕು ಎಂದಾಗ ಮಾತ್ರ ದಾಖಲೆಯ ದಿನಾಂಕವನ್ನೇ ಹೇಳಬೇಕು, ಬೇರೆ ಮಾತನ್ನು ಸೇರಿಸಬಾರದು. ಅಮೆರಿಕದ ಕಾಗದಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರುವುದರಿಂದ, ನಮ್ಮ ಕ್ರಮದಲ್ಲಿ ಅಂಕಿಗಳಲ್ಲಿ ಬರೆದ ಜೂನ್ 1 ಅಲ್ಲಿ ಜನವರಿ 6 ಆಗಿಬಿಡುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲಿಯೇ ಬರೆಯಿರಿ.

ಹಂತ 8: ಅಗಲಿದವರ ವಯಸ್ಸು

ಶ್ರದ್ಧಾಂಜಲಿ ಬರೆಯುವಾಗ ‘ಏಜ್ಡ್’ ಎಂಬ ಪದ ಗಂಭೀರವೂ ಚಿಕ್ಕದೂ ಆಗಿದೆ: ‘ಗಂಗೂಬಾಯಿ ಹಾನಗಲ್ ಡೈಡ್ ಇನ್ ಹುಬ್ಬಳ್ಳಿ ಆನ್ 21 ಜುಲೈ 2009, ಏಜ್ಡ್ 96’. ಇದರ ಪಕ್ಕದಲ್ಲಿ ಮತ್ತೆ ‘ಇಯರ್ಸ್ ಓಲ್ಡ್’ ಬೇಡ. ಬದುಕಿದ್ದರೆ ಇಷ್ಟು ವಯಸ್ಸಾಗುತ್ತಿತ್ತು ಎಂಬುದಕ್ಕೆ ‘ವುಡ್ ಹ್ಯಾವ್ ಟರ್ನ್ಡ್’ ಎಂಬ ರೂಪವಿದೆ. 2013ರ ಮಾರ್ಚಿನಲ್ಲಿ ಬರೆದಿದ್ದರೆ ಅವರ ಬಗ್ಗೆ ‘ಶಿ ವುಡ್ ಹ್ಯಾವ್ ಟರ್ನ್ಡ್ ಅ ಹಂಡ್ರೆಡ್ ದಿಸ್ ಮಂತ್’ ಎನ್ನಬಹುದಾಗಿತ್ತು. ‘ಲೇಟ್’ ಎಂಬ ಪದವನ್ನು ಇಲ್ಲಿ ಎಚ್ಚರದಿಂದ ಇಡಬೇಕು. ಹೆಸರಿನ ಹಿಂದೆ ‘ದಿ ಲೇಟ್’ ಎಂದು ಬಂದರೆ ಕೀರ್ತಿಶೇಷರು ಎಂದರ್ಥ. ‘ಇನ್ ಹರ್ ಲೇಟ್ ಎಯ್ಟೀಸ್’ ಎಂಬಲ್ಲಿ ಅದು ದಶಕದ ಕೊನೆಯ ವರ್ಷಗಳನ್ನಷ್ಟೇ ಸೂಚಿಸುತ್ತದೆ, ಬದುಕಿರುವವರ ಬಗ್ಗೆ ಅದನ್ನು ಬರೆಯಲು ಯಾರೂ ಹಿಂಜರಿಯಬೇಕಾಗಿಲ್ಲ.